ಕಾದರೂ ಕಾಯಬೇಕು

ತೀರ್ಥಹಳ್ಳಿಯಿಂದ ಕುಂದಾಪುರಕ್ಕೆ ಹೊರಟ ಬಸ್ಸು ಮಾಸ್ತಿಕಟ್ಟೆಯನ್ನು ದಾಟಿ ಹುಲಿಕಲ್ಲಿಗೆ ಬಂದಿತೆಂದರೆ ಒಳಗೆ ಕುಳಿತವರ ಮಾತು ತಾನಾಗಿಯೇ ಕಡಿಮೆಯಾಗುತ್ತದೆ. ಎಡಬಲದ ಕಾಡು ರಸ್ತೆಯ ಮೇಲೆ ಬಾಗಿ ನಿಂತಿರುತ್ತದೆ. ಮಂಜು ಇಳಿದ ದಿನವಾದರೆ ಮುಂದಿನ ತಿರುವೇ ಕಾಣುವುದಿಲ್ಲ. ಅರ್ಧ ಘಾಟಿ ಇಳಿಯುವ ಹೊತ್ತಿಗೆ, ಮುಂದೆ ಹೊರೆ ಹೊತ್ತು ಹೋಗುತ್ತಿರುವ ಲಾರಿಯೊಂದರ ಹಿಂದೆ ಬಸ್ಸು ನಿಧಾನವಾದಾಗ, ಕಿಟಕಿಯ ಬಳಿಯ ಮಗು ಮೂಗು ಮುಚ್ಚಿಕೊಂಡು “ಅಪ್ಪಾ, ಏನೋ ಸುಟ್ಟ ವಾಸನೆ” ಎನ್ನುತ್ತದೆ. “ಏನಿಲ್ಲ ಮರಿ, ಲಾರಿಯ ಬ್ರೇಕು ಕಾದಿದೆ, ಅಷ್ಟೆ” ಎಂದು ಅಪ್ಪ ಸಮಾಧಾನ ಹೇಳುತ್ತಾರೆ. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಆ “ಅಷ್ಟೆ” ಎಂಬ ಮಾತಿನ ಒಳಗೆ ಅಡಗಿರುವುದು ಅಷ್ಟಿಷ್ಟಲ್ಲ.

ಕನ್ನಡದಲ್ಲಿ ‘ಕಾಯುವುದು’ ಎಂಬ ಒಂದೇ ಮಾತಿಗೆ ಬಿಸಿಯಾಗುವುದೆಂದೂ ರಕ್ಷಿಸುವುದೆಂದೂ ಎರಡು ಅರ್ಥಗಳುಂಟು. ಘಾಟಿ ಇಳಿಯುವ ಲಾರಿಯ ಬ್ರೇಕು ಈ ಎರಡನ್ನೂ ಒಟ್ಟಿಗೇ ಮಾಡಬೇಕಾದ ವಸ್ತು. ತಾನು ಕಾಯದೆ ಅದು ಲಾರಿಯನ್ನು ಕಾಯಲಾರದು; ಮಿತಿಮೀರಿ ಕಾದರೂ ಕಾಯಲಾರದು.

ಹೊಸನಗರ ತಾಲ್ಲೂಕಿನ ಈ ಘಾಟಿಯನ್ನು ಹುಲಿಕಲ್ ಎಂದೂ ಬಾಳೆಬರೆ ಎಂದೂ ಕರೆಯುತ್ತಾರೆ. ಮಲೆನಾಡಿನ ಅಂಚಿನಿಂದ ಹೊಸಂಗಡಿ, ಸಿದ್ದಾಪುರಗಳ ಮೂಲಕ ಕರಾವಳಿಗೆ ಇಳಿಯುವ ದಾರಿ ಇದು. ದಕ್ಷಿಣಕ್ಕೆ ಆಗುಂಬೆಯ ಘಾಟಿ ಇದೆಯಾದರೂ ಅದರ ಹದಿನಾಲ್ಕು ತಿರುವುಗಳು ಉದ್ದನೆಯ ಲಾರಿಗಳಿಗೆ ಒಗ್ಗುವಂಥವಲ್ಲ. ಮಳೆಗಾಲದಲ್ಲಿ ಅಲ್ಲಿ ಭಾರಿ ವಾಹನಗಳನ್ನು ತಡೆಯುವುದೂ ಉಂಟು. ಆಗ ಹೊರೆಯೆಲ್ಲ ಹುಲಿಕಲ್ಲಿನ ಪಾಲಿಗೆ ಬೀಳುತ್ತದೆ. ಬಯಲುಸೀಮೆಯ ಅಕ್ಕಿ ಈರುಳ್ಳಿಗಳು ಕೆಳಗಿಳಿಯುತ್ತವೆ, ಕರಾವಳಿಯ ಮೀನು ಮೇಲೇರುತ್ತದೆ. ಸಾಲದೆಂಬಂತೆ ಮಳೆ ಬೇರೆ. ರಾಜ್ಯದಲ್ಲಿ ಅತ್ಯಂತ ಹೆಚ್ಚು ಮಳೆ ಸುರಿಯುವ ಊರುಗಳಲ್ಲಿ ಹುಲಿಕಲ್ಲು ಒಂದು. ಕೆಲವು ವರ್ಷ ಆಗುಂಬೆಯನ್ನೇ ಹಿಂದೆ ಹಾಕಿದ ಖ್ಯಾತಿಯೂ ಅದಕ್ಕಿದೆ.

ಇಂಥ ಇಳಿಜಾರಿನಲ್ಲಿ ಎಷ್ಟು ಶಕ್ತಿ ಅಡಗಿದೆಯೆಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಇದೇ ಬೆಟ್ಟದ ಮೈಯಲ್ಲಿ ವಾರಾಹಿ ವಿದ್ಯುತ್ ಯೋಜನೆಯಿದೆ. ಮಾಣಿ ಅಣೆಕಟ್ಟಿನ ಮೂಲಕ ಬರುವ ನೀರು ಸುರಂಗದಲ್ಲಿ ಸಾಗಿ, ನಾಲ್ಕು ನೂರು ಮೀಟರಿಗೂ ಮಿಕ್ಕ ಎತ್ತರದಿಂದ ಧುಮುಕಿ, ಹೊಸಂಗಡಿಯ ಭೂಗರ್ಭದಲ್ಲಿರುವ ವಿದ್ಯುದಾಗಾರದ ಯಂತ್ರಗಳನ್ನು ತಿರುಗಿಸುತ್ತದೆ. ೧೯೮೯ರಲ್ಲಿ ಅಲ್ಲಿ ವಿದ್ಯುತ್ತಿನ ಉತ್ಪಾದನೆ ಆರಂಭವಾಯಿತು. ಈಗ ನಾಲ್ಕು ಯಂತ್ರಗಳ ಒಟ್ಟು ಸಾಮರ್ಥ್ಯ ೪೬೦ ಮೆಗಾವಾಟ್. ಬೆಟ್ಟವಿಳಿಯುವ ನೀರಿನ ಶಕ್ತಿಯನ್ನು ಈಸಿಕೊಳ್ಳಲು ಟರ್ಬೈನು ಬಾಯ್ದೆರೆದು ಕುಳಿತಿದೆ. ಅದೇ ಬೆಟ್ಟವನ್ನು ಇಳಿಯುವ ಲಾರಿಯ ಶಕ್ತಿಯನ್ನು ಈಸಿಕೊಳ್ಳುವವರು ಯಾರು?

ಒಂದು ಸಣ್ಣ ಲೆಕ್ಕ ಮಾಡಬಹುದು. ಹತ್ತು ಟೈರುಗಳ ಲಾರಿಯೊಂದು ಸರಕು ಸಹಿತ ೨೫ ಟನ್ ತೂಗುತ್ತದೆಂದೂ, ಅದು ಒಟ್ಟು ೪೫೦ ಮೀಟರ್ ಕೆಳಗಿಳಿಯುತ್ತದೆಂದೂ ಇಟ್ಟುಕೊಳ್ಳೋಣ. ಆ ಇಳಿತದಲ್ಲಿ ಅದು ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು ೩೦ ಯೂನಿಟ್ ವಿದ್ಯುತ್ತಿಗೆ ಸಮ. ಮನೆಯ ಭಾಷೆಯಲ್ಲಿ ಹೇಳುವುದಾದರೆ, ಬಚ್ಚಲಮನೆಯ ಐವತ್ತು ಲೀಟರಿನ ಏಳು ಹಂಡೆಗಳ ತಣ್ಣೀರನ್ನು ಕೊತಕೊತನೆ ಕುದಿಸುವಷ್ಟು ಶಾಖ. ಕೊಂಚ ಭಾಗವನ್ನು ಗಾಳಿಯೂ ರಸ್ತೆಯೂ ತಿಂದುಕೊಳ್ಳುತ್ತವೆ. ಉಳಿದದ್ದು ಎಂಜಿನ್ನಿಗಾದರೂ ಹೋಗಬೇಕು, ಬ್ರೇಕಿಗಾದರೂ ಹೋಗಬೇಕು, ಮೂರನೆಯ ದಾರಿಯಿಲ್ಲ. ಅಷ್ಟೂ ಶಾಖ ಬ್ರೇಕಿಗೇ ಹೋಗಿ ಅಲ್ಲಿಯೇ ನಿಂತಿತೆಂದು ಭಾವಿಸಿದರೆ, ತಲಾ ೫೦ ಕಿಲೋ ತೂಗುವ ಆರು ಬ್ರೇಕ್ ಡ್ರಮ್ಮುಗಳು ಏಳು ನೂರು ಡಿಗ್ರಿಗಿಂತ ಹೆಚ್ಚು ಕಾಯಬೇಕು. ಅದು ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಕೆಂಪಗಾಗುವ ಶಾಖ. ಬೀಸುವ ಗಾಳಿ ಡ್ರಮ್ಮುಗಳನ್ನು ತಣಿಸುತ್ತಿರುವುದರಿಂದ ಅಷ್ಟು ದೂರ ಹೋಗುವುದಿಲ್ಲವೆಂಬುದು ನಿಜ. ಆದರೆ ಅರ್ಧ ದಾರಿ ಹೋದರೂ ಸಾಕು, ಅಪಾಯ ಒದಗುತ್ತದೆ. ಅದು ಹೇಗೆಂಬುದನ್ನು ಅರಿಯಲು ಚಕ್ರದ ಒಳಗೆ ಒಮ್ಮೆ ಇಣುಕಬೇಕು.

ಲಾರಿಯ ಚಕ್ರದ ಒಳಗಡೆ, ಅಡುಗೆಮನೆಯ ದಪ್ಪ ಪಾತ್ರೆಯನ್ನು ಮಗುಚಿ ಇಟ್ಟಂತೆ ಬೀಡುಕಬ್ಬಿಣದ ಡ್ರಮ್ಮು ಇರುತ್ತದೆ. ಅದು ಚಕ್ರದೊಂದಿಗೆ ತಿರುಗುತ್ತದೆ. ಅದರ ಹೊಟ್ಟೆಯೊಳಗೆ ಅರ್ಧಚಂದ್ರಾಕಾರದ ಎರಡು ‘ಶೂ’ಗಳು ತಿರುಗದೆ ನಿಂತಿರುತ್ತವೆ. ಚಾಲಕನು ಪೆಡಲನ್ನು ಒತ್ತಿದಾಗ ಕೊಳವೆಗಳಲ್ಲಿ ಒತ್ತಡದ ಗಾಳಿ ನುಗ್ಗಿ ಒಂದು ದಂಡವನ್ನು ತಳ್ಳುತ್ತದೆ. ದಂಡವು ‘ಎಸ್’ ಆಕಾರದ ಕ್ಯಾಮನ್ನು ತಿರುಗಿಸುತ್ತದೆ. ಕ್ಯಾಮು ಶೂಗಳನ್ನು ಅಗಲಿಸಿ ಡ್ರಮ್ಮಿಗೆ ಒತ್ತುತ್ತದೆ. ಶೂಗಳ ಮೈಮೇಲೆ ರಿವಿಟ್ ಹೊಡೆದು ಕೂರಿಸಿರುವ ಗಟ್ಟಿ ಪಟ್ಟಿಯೇ ಲೈನರ್. ಡ್ರಮ್ಮನ್ನು ಉಜ್ಜಿ ವೇಗವನ್ನು ಶಾಖವಾಗಿಸುವುದು ಅದರ ವೃತ್ತಿ. ಉಜ್ಜಿ ಉಜ್ಜಿ ತಾನು ಸವೆಯುವುದು ಅದರ ಧರ್ಮ.

ಡ್ರಮ್ಮಿಗೆ ಉಕ್ಕನ್ನು ಬಿಟ್ಟು ಬೀಡುಕಬ್ಬಿಣವನ್ನೇ ಆರಿಸಿಕೊಂಡಿರುವುದು ಕೇವಲ ಅಗ್ಗವೆಂದಲ್ಲ. ಬೀಡಿನೊಳಗೆ ಇಂಗಾಲವು ಸಣ್ಣ ಸಣ್ಣ ಗ್ರಾಫೈಟ್ ಪದರಗಳಾಗಿ ಹರಡಿಕೊಂಡಿರುತ್ತದೆ. ಉಜ್ಜುವ ಮೈಯಿಂದ ಶಾಖವನ್ನು ಬೇಗ ಬೇಗ ಹೊರಕ್ಕೆ ಸಾಗಿಸುವುದರಲ್ಲಿಯೂ, ಕಂಪನವನ್ನು ನುಂಗಿ ಕಿರುಚುವ ಸದ್ದನ್ನು ತಗ್ಗಿಸುವುದರಲ್ಲಿಯೂ ಆ ಪದರಗಳದೇ ಕೈ. ಆದರೆ ಬೀಡಿಗೂ ಒಂದು ದೌರ್ಬಲ್ಯವಿದೆ: ಕಾದ ಲೋಹ ಹಿಗ್ಗುತ್ತದೆ. ನಲವತ್ತು ಸೆಂಟಿಮೀಟರ್ ವ್ಯಾಸದ ಡ್ರಮ್ಮು ಮುನ್ನೂರು ಡಿಗ್ರಿ ಕಾದರೆ ಒಂದು ಮಿಲಿಮೀಟರಿಗೂ ಹೆಚ್ಚು ಹಿಗ್ಗುತ್ತದೆ. ಅಂದರೆ ಡ್ರಮ್ಮು ಲೈನರಿನಿಂದ ದೂರ ಸರಿಯುತ್ತದೆ! ದಂಡವು ಅಷ್ಟು ಹೆಚ್ಚು ಚಲಿಸಬೇಕಾಗುತ್ತದೆ. ಅದರ ಚಲನೆಗೊಂದು ಕೊನೆಯುಂಟು. ಲೈನರ್ ಸವೆದು ಹೋಗಿದ್ದು, ಆ ಸವೆತಕ್ಕೆ ತಕ್ಕಂತೆ ‘ಸ್ಲ್ಯಾಕ್ ಅಡ್ಜಸ್ಟರ್’ ಎಂಬ ಭಾಗವನ್ನು ಬಿಗಿಮಾಡದೆ ಬಿಟ್ಟಿದ್ದರೆ, ಬಯಲಿನಲ್ಲಿ ಚೆನ್ನಾಗಿಯೇ ಹಿಡಿಯುತ್ತಿದ್ದ ಬ್ರೇಕು ಘಾಟಿಯ ನಡುವೆ, ಡ್ರಮ್ಮು ಹಿಗ್ಗಿದ ಗಳಿಗೆಯಲ್ಲಿ, ಇನ್ನು ಕೈ ನೀಡಲಾರೆನೆಂದು ನಿಂತುಬಿಡುತ್ತದೆ. ಶಿವಮೊಗ್ಗದ ಗ್ಯಾರೇಜಿನಲ್ಲಿ ಹತ್ತು ನಿಮಿಷದಲ್ಲಿ ಮುಗಿಯುತ್ತಿದ್ದ ಕೆಲಸ ಅದು.

ಇನ್ನು ಲೈನರಿನ ಕಥೆ. ಇದಕ್ಕೂ ಘಾಟಿಗೂ ಹುಟ್ಟಿನಿಂದಲೇ ನಂಟು. ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡಗಾಡು ಸೀಮೆ. ಅಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಗಾಡಿಕಾರರು ಇಳಿಜಾರಿನಲ್ಲಿ ಗಾಡಿಯನ್ನು ತಡೆಯಲು ಮರದ ಬ್ರೇಕಿಗೆ ಹಳೆಯ ಬೂಟುಗಳ ಚರ್ಮವನ್ನು ಬಡಿದುಕೊಳ್ಳುತ್ತಿದ್ದರು. ಹರ್ಬರ್ಟ್ ಫ್ರೂಡ್ ಎಂಬಾತನು ಇದನ್ನು ಕಂಡು, ಇದಕ್ಕಿಂತ ಲೇಸಾದುದನ್ನು ಮಾಡಬಾರದೇಕೆಂದು ಯೋಚಿಸಿ, ೧೮೯೭ರಲ್ಲಿ ಉದ್ಯಮವನ್ನಾರಂಭಿಸಿದನು. ತನ್ನ ಹೆಸರಿನ ಅಕ್ಷರಗಳನ್ನೇ ಹಿಂದುಮುಂದಾಗಿಸಿ, ಪತ್ನಿ ಎಲಿಜಬೆತ್‌ಳ ಹೆಸರಿನ ಮೊದಲಕ್ಷರವನ್ನು ಸೇರಿಸಿ ‘ಫೆರೊಡೊ’ ಎಂದು ಹೆಸರಿಟ್ಟನೆಂದು ಹೇಳುವುದುಂಟು. ಗಂಡಹೆಂಡಿರ ಹೆಸರು ಹೀಗೆ ಕೂಡಿಕೊಂಡ ಪದಾರ್ಥವೊಂದು ಲೋಕದ ವಾಹನಗಳನ್ನೆಲ್ಲ ತಡೆದು ನಿಲ್ಲಿಸಿತೆಂಬುದನ್ನು ಗೃಹಿಣಿಯರು ಗಮನಿಸಬಹುದು.

ಮೋಟಾರುಗಳ ವೇಗ ಹೆಚ್ಚಿದಂತೆ ಚರ್ಮವೂ ಹತ್ತಿಯೂ ಸುಟ್ಟುಹೋಗತೊಡಗಿದವು. ಆಗ ಬಂದದ್ದು ಕಲ್ನಾರು. ಬೆಂಕಿಗೆ ಬಗ್ಗದ, ನೂಲಿನಂತೆ ಹೆಣೆಯಬಹುದಾದ ಈ ಖನಿಜ ಲೈನರಿಗೆಂದೇ ಹುಟ್ಟಿದಂತೆ ಕಂಡಿತು, ಬಹುಕಾಲ ರಾಜ್ಯವಾಳಿತು. ಅದರ ಧೂಳು ಶ್ವಾಸಕೋಶಕ್ಕೆ ಹೊಕ್ಕರೆ ಅಲ್ಲಿಯೇ ನೆಲೆಸಿ, ಹತ್ತಾರು ವರ್ಷಗಳ ಮೇಲೆ ಮಾರಕ ವ್ಯಾಧಿಯಾಗಿ ತಲೆಯೆತ್ತುವುದೆಂಬ ಸತ್ಯ ನಿಧಾನವಾಗಿ ಬಯಲಾಯಿತು. ಡ್ರಮ್ಮು ಬಿಚ್ಚಿದೊಡನೆ ಒಳಗಿನ ಕರಿ ಧೂಳನ್ನು ಗಾಳಿ ಹೊಡೆದು ಹಾರಿಸುತ್ತಿದ್ದ ಮೆಕ್ಯಾನಿಕ್ಕುಗಳ ಪಾಲಿಗೆ ಇದು ಬರೀ ಪುಸ್ತಕದ ಮಾತಾಗಿರಲಿಲ್ಲ. ಹೆಸರಾಂತ ತಯಾರಕರು ಕಲ್ನಾರನ್ನು ಬಿಟ್ಟು ಗಾಜಿನ ಎಳೆ, ಉಕ್ಕಿನ ಎಳೆ, ಅರಾಮಿಡ್ ಎಂಬ ಕೃತಕ ನಾರುಗಳಿಗೆ ತಿರುಗಿದರು. ಯಾವ ಲೈನರೇ ಇರಲಿ, ಅದರ ಧೂಳನ್ನು ಗಾಳಿಗೆ ತೂರುವುದು ಮಾತ್ರ ಇಂದಿಗೂ ಕೆಟ್ಟ ಅಭ್ಯಾಸವೇ. ಒದ್ದೆಬಟ್ಟೆಯಿಂದ ಒರೆಸಿ ತೆಗೆಯಬೇಕು.

ಈ ನಾರುಗಳನ್ನೆಲ್ಲ ಹಿಡಿದು ನಿಲ್ಲಿಸಲು ಒಂದು ರಾಳ ಬೇಕು. ಇಲ್ಲಿ ಘಾಟಿಯ ಕೆಳಗಿನ ಊರುಗಳಿಗೆ ಹತ್ತಿರದ ಸಂಗತಿಯೊಂದು ಬರುತ್ತದೆ. ಕುಂದಾಪುರ, ಉಡುಪಿ, ಕಾರ್ಕಳ, ಮಂಗಳೂರುಗಳ ಕಡೆ ಗೇರುಬೀಜದ ಕಾರ್ಖಾನೆಗಳು ಬಹಳ. ಬೀಜವನ್ನು ಒಡೆದಾಗ ಸಿಪ್ಪೆಯೊಳಗಿಂದ ಒಸರುವ ಕಪ್ಪು ಎಣ್ಣೆ ತಾಕಿದಲ್ಲಿ ಚರ್ಮ ಸುಡುತ್ತದೆ. ಬೀಜ ಒಡೆಯುವ ಹೆಂಗಸರ ಕೈಗಳನ್ನು ನೋಡಿದವರಿಗೆ ಇದು ಗೊತ್ತು. ಅಂಥ ಎಣ್ಣೆಯನ್ನು ಸಂಸ್ಕರಿಸಿ ಗಟ್ಟಿಯಾಗಿಸಿ ಪುಡಿಮಾಡಿದರೆ, ಲೈನರಿನ ಮಿಶ್ರಣಕ್ಕೆ ಒಂದು ಅಮೂಲ್ಯ ದ್ರವ್ಯ ದೊರೆಯುತ್ತದೆ. ಲೋಕದಾದ್ಯಂತ ಬ್ರೇಕ್ ಲೈನರುಗಳಲ್ಲಿ ಗೇರು ಸಿಪ್ಪೆಯೆಣ್ಣೆಯ ಈ ಪುಡಿಯನ್ನು ಬಳಸುತ್ತಾರೆ. ಅದು ಲೈನರಿಗೆ ಕೊಂಚ ಮೆದುತನ ಕೊಟ್ಟು, ಹಿಡಿತವನ್ನು ಒಂದೇ ಸಮನಾಗಿರಿಸಿ, ಕಿರುಚಾಟವನ್ನು ಕಡಿಮೆ ಮಾಡುತ್ತದೆ. ಪಾಯಸದ ಗೋಡಂಬಿಯನ್ನು ಸವಿಯುತ್ತ ಘಾಟಿ ಏರಿಬಂದವರು, ಇಳಿಯುವಾಗ ಅದರ ಸಿಪ್ಪೆಗೂ ಋಣಿಗಳಾಗಿರಬಹುದು.

ಆದರೆ ರಾಳವೂ ನಾರೂ ಎಷ್ಟೇ ಒಳ್ಳೆಯವಾದರೂ ಅವುಗಳಿಗೆ ಒಂದು ಎಲ್ಲೆಯಿದೆ. ಸುಮಾರು ಮುನ್ನೂರು ಮುನ್ನೂರೈವತ್ತು ಡಿಗ್ರಿಯ ಆಚೆಗೆ ರಾಳ ಕೊಳೆತಂತೆ ಒಡೆದು ಅನಿಲವಾಗತೊಡಗುತ್ತದೆ. ಮಗುವಿನ ಮೂಗಿಗೆ ಬಡಿದ ವಾಸನೆ ಅದೇ. ಆ ಅನಿಲವು ಲೈನರಿಗೂ ಡ್ರಮ್ಮಿಗೂ ನಡುವೆ ಎಣ್ಣೆ ಸವರಿದಂತೆ ಪರದೆಯಾಗಿ ನಿಲ್ಲುತ್ತದೆ, ಹಿಡಿತ ಜಾರುತ್ತದೆ. ಹಿಡಿತ ಜಾರಿತೆಂದು ಚಾಲಕನು ಇನ್ನಷ್ಟು ಒತ್ತುತ್ತಾನೆ, ಶಾಖ ಇನ್ನಷ್ಟು ಏರುತ್ತದೆ, ಹಿಡಿತ ಇನ್ನಷ್ಟು ಜಾರುತ್ತದೆ. “ಬ್ರೇಕ್ ಫೇಲಾಯಿತು” ಎಂದು ಮರುದಿನದ ಪತ್ರಿಕೆಯಲ್ಲಿ ಓದುವಾಗ ಏನೋ ಮುರಿಯಿತು, ಕಳಚಿತು ಎಂದು ತಿಳಿಯುವವರೇ ಹೆಚ್ಚು. ಎಷ್ಟೋ ಸಲ ಯಾವುದೂ ಮುರಿದಿರುವುದಿಲ್ಲ. ತಣ್ಣಗಾದ ಮೇಲೆ ಪರೀಕ್ಷಿಸಿದರೆ ಬ್ರೇಕು ಏನೂ ಅರಿಯದಂತೆ ಹಿಡಿಯಲೂ ಬಹುದು.

ಹೀಗಿರುವಾಗ ‘ಬಾಳಿಕೆ ಬರುವ ಬ್ರೇಕು’ ಎಂದರೆ ಯಾವುದು? ಅಂಗಡಿಯಲ್ಲಿ ಈ ಮಾತಿಗೆ ಒಂದೇ ಅರ್ಥ: ಹೆಚ್ಚು ದಿನ ಬರುವುದು. ಘಾಟಿಯಲ್ಲಿ ಆ ಅರ್ಥ ಸಾಲದು. ಕಲ್ಲಿನಂತೆ ಗಟ್ಟಿಯಾದ ಲೈನರ್ ತಾನು ಸವೆಯದೆ ಡ್ರಮ್ಮನ್ನೇ ಗೀರಿ ತಿನ್ನಬಹುದು, ಹಿಡಿತದಲ್ಲಿ ಕೈಕೊಡಬಹುದು. ಲೈನರ್ ಕಳೆದರೆ ಲೈನರ್ ಹಾಕಿಸಬಹುದು, ಅಗ್ಗ. ಡ್ರಮ್ಮು ಹೋದರೆ ದುಬಾರಿ. ಗೀರು ಬಿದ್ದ ಡ್ರಮ್ಮನ್ನು ಲೇತಿಗೆ ಕೊಟ್ಟು ತಿರುವಿಸಿ ನಯಮಾಡಿಸುವುದುಂಟು. ಒಮ್ಮೆ ಸರಿ, ಎರಡನೆಯ ಬಾರಿಯೂ ಸರಿಯೇನೋ. ತಿರುವಿದಷ್ಟೂ ಡ್ರಮ್ಮು ತೆಳ್ಳಗಾಗುತ್ತದೆ, ತೆಳುವಾದಷ್ಟೂ ಶಾಖವನ್ನು ಹೀರಿಕೊಳ್ಳುವ ಮೈ ಕಡಿಮೆಯಾಗುತ್ತದೆ. ತೆಳ್ಳನೆಯ ಬಾಣಲೆಯಲ್ಲಿ ಒಗ್ಗರಣೆ ಸೀದುಹೋಗುವುದೂ ಇದೇ ಕಾರಣಕ್ಕೆ. ಎಷ್ಟರವರೆಗೆ ತಿರುವಬಹುದೆಂಬ ಅಳತೆಯನ್ನು ಡ್ರಮ್ಮಿನ ಮೇಲೆಯೇ ಅಚ್ಚೊತ್ತಿರುತ್ತಾರೆ. ಕೊಳೆಯನ್ನು ಒರೆಸಿ ಅದನ್ನು ಓದುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಇನ್ನೊಂದು ಜಿಪುಣತನವೂ ಉಂಟು. ಅಚ್ಚಿನ ಒಂದು ಕಡೆಯ ಲೈನರ್ ಹೋಯಿತೆಂದು ಅದನ್ನಷ್ಟೇ ಬದಲಿಸಿ, ಮತ್ತೊಂದು ಕಡೆ ಹಳೆಯದನ್ನೇ ಬಿಡುವುದು. ಇಲ್ಲವೆ ಒಂದೊಂದು ಚಕ್ರಕ್ಕೆ ಒಂದೊಂದು ಬಗೆಯದನ್ನು ಹಾಕುವುದು. ಆರು ಜನ ಹೊರಬೇಕಾದ ಪಲ್ಲಕ್ಕಿಯನ್ನು ಆಗ ಇಬ್ಬರು ಹೊರುತ್ತಾರೆ. ಚೆನ್ನಾಗಿ ಹಿಡಿಯುವ ಚಕ್ರವೇ ಶಾಖವನ್ನೆಲ್ಲ ತಿಂದು ಮೊದಲು ಸೋಲುತ್ತದೆ. ಸ್ವಂತ ಲಾರಿಯೊಂದನ್ನೇ ನೆಚ್ಚಿ, ಸಾಲದ ಕಂತಿಗೆ ದಿನವೆಣಿಸುವ ಮಾಲಿಕನು ಇಂಥ ಉಳಿತಾಯಕ್ಕೆ ಮನಸೋಲುವುದು ಅಸಹಜವಲ್ಲ. ಆದರೆ ಘಾಟಿಗೆ ಆ ಕಂತಿನ ವಿಚಾರ ತಿಳಿಯದು. ೨೦೧೮ರಲ್ಲಿ ಕೇಂದ್ರ ಸರ್ಕಾರವು ಮೂರು ಅಚ್ಚಿನ ಲಾರಿಗಳ ತೂಕದ ಮಿತಿಯನ್ನು ೨೫ ಟನ್ನಿನಿಂದ ೨೮.೫ ಟನ್ನಿಗೆ ಏರಿಸಿತು. ಬೆಟ್ಟದ ಎತ್ತರ ಮಾತ್ರ ಇದ್ದಷ್ಟೇ ಇದೆ.

ಒಳ್ಳೆಯ ಸಾಮಾನು ಸಿಕ್ಕುವುದಿಲ್ಲವೆಂದು ದೂರುವ ಕಾಲ ಇದಲ್ಲ. ಮದರಾಸಿನಲ್ಲಿ ಬ್ರೇಕ್ಸ್ ಇಂಡಿಯಾ, ಸುಂದರಂ ಕ್ಲೇಟನ್ ಕಂಪನಿಗಳು ೧೯೬೨ರಲ್ಲಿಯೂ, ರಾಣೆ ಬ್ರೇಕ್ ಲೈನಿಂಗ್ ೧೯೬೪ರಲ್ಲಿಯೂ ಸ್ಥಾಪನೆಯಾದವು. ನಮ್ಮ ಮೈಸೂರಿನಲ್ಲಿ ೧೯೮೧ರಲ್ಲಿ ಹುಟ್ಟಿದ ಆಟೋಮೋಟಿವ್ ಆಕ್ಸಲ್ಸ್ ಕಂಪನಿಯು ಭಾರಿ ಲಾರಿಗಳ ಅಚ್ಚುಗಳನ್ನೂ ಬ್ರೇಕುಗಳನ್ನೂ ತಯಾರಿಸುತ್ತದೆ. ಸವೆತಕ್ಕೆ ತಕ್ಕಂತೆ ತಾನಾಗಿಯೇ ಬಿಗಿಯಾಗುವ ಸ್ಲ್ಯಾಕ್ ಅಡ್ಜಸ್ಟರುಗಳೂ ಬಂದಿವೆ. ೨೦೧೫ರಿಂದ ಹೊಸ ಭಾರಿ ಲಾರಿಗಳಿಗೆ ಎ.ಬಿ.ಎಸ್. ಕಡ್ಡಾಯವಾಗಿದೆ, ಒದ್ದೆರಸ್ತೆಯಲ್ಲಿ ಚಕ್ರ ಕಚ್ಚಿಕೊಂಡು ಜಾರುವುದನ್ನು ಅದು ತಪ್ಪಿಸುತ್ತದೆ. ಕಾದ ಬ್ರೇಕಿಗೆ ಮಾತ್ರ ಅದು ಮದ್ದಲ್ಲ.

ಕಾದ ಬ್ರೇಕಿಗೆ ಮದ್ದೆಂದರೆ ಅದನ್ನು ಕಾಯಗೊಡದಿರುವುದೇ. ಹಳೆಯ ಚಾಲಕರು ಹೊಸಬರಿಗೆ ಕಲಿಸುವ ಮೊದಲ ಪಾಠ: ಏರಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು. ಕೆಳಗಿನ ಗೇರಿನಲ್ಲಿ ಲಾರಿ ಇಳಿಯುವಾಗ ಚಕ್ರಗಳೇ ಎಂಜಿನ್ನನ್ನು ತಿರುಗಿಸಬೇಕಾಗುತ್ತದೆ. ಮೇಲೆ ಹೇಳಿದ ಏಳು ಹಂಡೆಗಳಲ್ಲಿ ದೊಡ್ಡ ಪಾಲನ್ನು ಎಂಜಿನ್ನು ಹೊತ್ತುಕೊಂಡು ಹೊಗೆಕೊಳವೆಯಿಂದಲೂ ರೇಡಿಯೇಟರಿನಿಂದಲೂ ಹೊರಹಾಕುತ್ತದೆ. ಹೊಗೆಕೊಳವೆಯನ್ನೇ ಮುಚ್ಚಿ ಈ ತಡೆಯನ್ನು ಹೆಚ್ಚಿಸುವ ಎಕ್ಸಾಸ್ಟ್ ಬ್ರೇಕು ದೊಡ್ಡ ಲಾರಿಗಳಲ್ಲಿರುತ್ತದೆ. ಹೀಗೆ ಇಳಿದವನಿಗೆ ಬ್ರೇಕು ತಿರುವಿನಲ್ಲಿ ಮಾತ್ರ ಬೇಕು; ಒತ್ತಿ, ವೇಗ ಇಳಿಸಿ, ಬಿಟ್ಟುಬಿಡಬೇಕು. ಕಾಲನ್ನು ಪೆಡಲಿನ ಮೇಲೆಯೇ ಊರಿಕೊಂಡು ಇಳಿಯುವವನ ಡ್ರಮ್ಮಿಗೆ ಗಾಳಿ ಕುಡಿಯಲೂ ಬಿಡುವಿಲ್ಲ. ಡೀಸೆಲ್ ಉಳಿಯುವುದೆಂದು ನ್ಯೂಟ್ರಲಿನಲ್ಲಿ ಬಿಡುವವನ ವಿಷಯವನ್ನು ಹೇಳುವುದೇ ಬೇಡ. ಸಿಪ್ಪೆಯ ಗೇರು ಲೈನರಿನಲ್ಲಿದ್ದರೂ ಪೆಟ್ಟಿಗೆಯ ಗೇರು ಕೈಯಲ್ಲಿರದಿದ್ದರೆ ಪ್ರಯೋಜನವಿಲ್ಲ. ವಿದ್ಯುತ್ ಬಸ್ಸುಗಳ ಮೋಟಾರು ಇಳಿಜಾರಿನಲ್ಲಿ ಜನರೇಟರಾಗಿ ತನ್ನ ಬ್ಯಾಟರಿಗೇ ವಿದ್ಯುತ್ತನ್ನು ತುಂಬಿಕೊಳ್ಳುತ್ತದೆ. ವಾರಾಹಿಯ ನೀರಿಗಿದ್ದ ಭಾಗ್ಯ ಚಕ್ರಗಳಿಗೂ ಹೀಗೆ ಒದಗುತ್ತಿದೆ.

ಗಾಳಿಯ ಬ್ರೇಕಿನಲ್ಲಿ ಗಾಳಿಯೇ ಸೋರಿಹೋದರೆ ಗತಿಯೇನೆಂಬ ಭಯ ಅನೇಕರಿಗಿದೆ. ರೈಲುಗಳಿಗೆ ಗಾಳಿಯ ಬ್ರೇಕನ್ನು ೧೮೬೯ರಲ್ಲಿ ತಂದ ವೆಸ್ಟಿಂಗ್‌ಹೌಸ್‌ನೇ ಮುಂದೆ ಇದಕ್ಕೆ ಉಪಾಯ ಕಂಡುಹಿಡಿದನು: ಗಾಳಿ ಹೋದರೆ ಬ್ರೇಕು ಬಿಡಬಾರದು, ಹಿಡಿಯಬೇಕು. ಇಂದಿನ ಲಾರಿಗಳ ಹಿಂದಿನ ಚಕ್ರಗಳಲ್ಲಿ ಬಲವಾದ ಸ್ಪ್ರಿಂಗೊಂದು ಅದೇ ನೀತಿಯನ್ನು ಪಾಲಿಸುತ್ತದೆ. ಅದನ್ನು ಗಾಳಿ ಹಿಂದಕ್ಕೆ ಒತ್ತಿಟ್ಟಿರುತ್ತದೆ. ಗಾಳಿ ಹೋಯಿತೋ, ಸ್ಪ್ರಿಂಗು ಬಂದು ಶೂಗಳನ್ನು ಡ್ರಮ್ಮಿಗೆ ಅದುಮುತ್ತದೆ. ಆದರೆ ಆ ಸ್ಪ್ರಿಂಗು ಅದುಮುವುದೂ ಅದೇ ಲೈನರನ್ನು, ಅದೇ ಡ್ರಮ್ಮಿಗೆ. ಅವು ಕಾದು ಸೋತಿದ್ದರೆ ಅದೂ ಅಸಹಾಯಕವೇ.

ಹುಲಿಕಲ್ಲಿನ ಮಳೆ ಈ ಎಲ್ಲದರ ಮೇಲೆ ತನ್ನದೂ ಒಂದು ಪರೀಕ್ಷೆ ಇಡುತ್ತದೆ. ನೀರು ಹೊಕ್ಕ ಡ್ರಮ್ಮು ಮೊದಲ ಒತ್ತಿನಲ್ಲಿ ಸರಿಯಾಗಿ ಹಿಡಿಯುವುದಿಲ್ಲ. ಒಂದೆರಡು ಬಾರಿ ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳಬೇಕು. ಇದಕ್ಕೆ ವಿರುದ್ಧವಾದ ತಪ್ಪೊಂದಿದೆ: ಹೊಗೆಯಾಡುವ ಡ್ರಮ್ಮಿಗೆ ತಣ್ಣೀರು ಎರಚುವುದು. ಕಾದ ಬೀಡು ಒಮ್ಮೆಲೆ ತಣಿದರೆ ಕೂದಲೆಳೆಯಂಥ ಬಿರುಕುಗಳು ಬಿಡುತ್ತವೆ. ಇಂದು ಕಾಣದ ಬಿರುಕು ಮುಂದೊಂದು ಇಳಿತದಲ್ಲಿ ಬಾಯಿಬಿಡುತ್ತದೆ. ಚಕ್ರಕ್ಕೆ ಅಡ್ಡವಾಗಿ ಮರದ ತುಂಡನ್ನೋ ಕಲ್ಲನ್ನೋ ಇಟ್ಟು, ಅರ್ಧ ಗಂಟೆ ಸುಮ್ಮನೆ ನಿಲ್ಲುವುದೇ ಸರಿಯಾದ ಉಪಚಾರ. ಘಾಟಿಯ ದಾರಿಯಲ್ಲಿ ಚಂಡಿಕಾಂಬೆಯ ಗುಡಿಯಿದೆ. ಚಾಲಕರು ಅಲ್ಲಿ ನಿಂತು ಕೈಮುಗಿದು ಹೋಗುವುದು ರೂಢಿ. ಕುಂಕುಮ ಹಚ್ಚಿಕೊಂಡು ಸಾವಕಾಶವಾಗಿ ಹೊರಡುವವನ ಡ್ರಮ್ಮುಗಳು ಆ ಹೊತ್ತಿನಲ್ಲಿ ತಣಿಯುತ್ತವೆಂಬುದನ್ನು ನಾಸ್ತಿಕರೂ ಅಲ್ಲಗಳೆಯಲಾರರು.

ಹೊಸಂಗಡಿಯಲ್ಲಿ ದಾರಿ ಮಟ್ಟವಾಗುತ್ತದೆ. ಅಲ್ಲಿ ಲಾರಿ ನಿಲ್ಲಿಸಿ ಚಹಾಕ್ಕೆ ಇಳಿಯುವ ಮೊದಲು ಅನುಭವಿ ಚಾಲಕನು ಕ್ಲೀನರ್ ಹುಡುಗನನ್ನು ಒಂದು ಸುತ್ತು ಕಳುಹಿಸುತ್ತಾನೆ. ಹುಡುಗ ಪ್ರತಿಯೊಂದು ಚಕ್ರದ ಬಳಿಯೂ ಬಗ್ಗಿ, ಮುಟ್ಟದೆ, ಅಂಗೈಯ ಹಿಂಬದಿಯನ್ನು ಡ್ರಮ್ಮಿನ ಹತ್ತಿರ ಹಿಡಿದು ಕಾವು ನೋಡುತ್ತಾನೆ. ಕಾವು ಹೆಚ್ಚಿರುವ ಚಕ್ರವನ್ನು ಕಂಡರೆ ಹೊಸಬನು ಕೂಗುತ್ತಾನೆ. ಚಾಲಕನು ಕೇಳುವುದು ಮಾತ್ರ ಬೇರೆಯದೇ ಪ್ರಶ್ನೆ:

“ತಣ್ಣಗಿರೋದು ಯಾವುದೋ?”

“ಎಡಗಡೆ ಹಿಂದಿನದು, ಅಣ್ಣ.”

ಇಡೀ ಘಾಟಿಯಲ್ಲಿ ಕೆಲಸ ಮಾಡದೆ ಇಳಿದದ್ದು ಆ ಚಕ್ರ. ಚಹಾದ ಲೋಟವನ್ನು ಕೆಳಗಿಟ್ಟು, ಚಾಲಕನು ಪಾನಾ ಹಿಡಿದುಕೊಂಡು ಎಡಗಡೆಯ ಹಿಂದಿನ ಚಕ್ರದ ಕಡೆಗೆ ನಡೆಯುತ್ತಾನೆ.